ಗಿಡ್ಡ ನಳಿಕೆಯ ದೊಡ್ಡ ರಿವಾಲ್ವರ್: ಸೆಕೆಂಡ್ ಹ್ಯಾಂಡ್ ಎನ್-ಫ್ರೇಮ್ ಕೊಳ್ಳುವ ಮುನ್ನ ನೋಡಬೇಕಾದ್ದು

ಸ್ಮಿತ್ ಅಂಡ್ ವೆಸನ್ ಕಂಪನಿಯ ದೊಡ್ಡ ಚೌಕಟ್ಟಿಗೆ ಎನ್-ಫ್ರೇಮ್ ಎಂದು ಹೆಸರು. 1908ರಲ್ಲಿ .44 ಸ್ಪೆಷಲ್ ತೋಟೆಯ ಜೊತೆಯಲ್ಲೇ ಹುಟ್ಟಿದ ಈ ಚೌಕಟ್ಟಿಗೆ ಮೂರು ಇಂಚಿನ ನಳಿಕೆ ಕೂಡಿಸಿ, ಹಿಡಿಯ ತಳವನ್ನು ಗುಂಡಗೆ ಮಾಡಿದ ಮಾದರಿಗಳೆಂದರೆ ಅಮೆರಿಕದ ಕೈಬಂದೂಕು ಹವ್ಯಾಸಿಗಳಿಗೆ ಇಂದಿಗೂ ಪ್ರಾಣ. ಇವುಗಳಲ್ಲಿ ಹೆಚ್ಚಿನವು ಸಣ್ಣ ಕಂತುಗಳಲ್ಲಿ ತಯಾರಾಗಿ ಖರ್ಚಾದವು. ಈಗ ಬೇಕೆಂದರೆ ಗನ್ ಶೋ ಮೇಜು, ಅಂಗಡಿಯ ಗಾಜಿನ ಕಪಾಟು, ಇಲ್ಲವೇ ಆನ್‌ಲೈನ್ ಹರಾಜು. ಮೂರು ಕಡೆಯೂ ಸಿಗುವುದು ಇನ್ನೊಬ್ಬರು ಬಳಸಿದ ಮಾಲು. ಮೇಲಿನ ನೀಲಿ ಬಣ್ಣ ಎಷ್ಟೇ ಹೊಳೆಯಲಿ, ಬೆಲೆ ನಿಂತಿರುವುದು ಒಳಗಿನ ಯಂತ್ರದ ಮೇಲೆ. ಆ ಯಂತ್ರವನ್ನು ಕಾಲು ಗಂಟೆಯಲ್ಲಿ ಪರೀಕ್ಷಿಸಬಹುದು.

ಮೊದಲು ಕಾನೂನು. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಗಮನವಿಟ್ಟು ಓದಬೇಕು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯರ ಜೊತೆ ಗುಂಡು ಹೊಡೆಯುವ ರೇಂಜಿಗೆ ಹೋಗಿ ಬಂದೂಕು ಬಾಡಿಗೆಗೆ ತೆಗೆದುಕೊಂಡು ಹೊಡೆದರೂ ತಪ್ಪೇ, ವಲಸೆ ದಾಖಲೆಗೂ ಅದರಿಂದ ಪೆಟ್ಟು. ಗ್ರೀನ್ ಕಾರ್ಡ್ ಇದ್ದವರು ತಮ್ಮ ರಾಜ್ಯದ ನಿಯಮಕ್ಕೆ ಒಳಪಟ್ಟು ಕೊಳ್ಳಬಹುದು. ಲೈಸೆನ್ಸ್ ಇರುವ ಡೀಲರ್‌ ಹತ್ತಿರ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ಫಾರಂ ತುಂಬಬೇಕು. ಬೇರೆ ರಾಜ್ಯದವರಿಂದ ಕೊಂಡರೆ ಮಾಲು ನಿಮ್ಮ ರಾಜ್ಯದ ಡೀಲರ್ ಮೂಲಕವೇ ಕೈ ಸೇರಬೇಕು.

ಯಾವುದನ್ನು ಹುಡುಕುವುದು

ಹವ್ಯಾಸಿಗಳು ಮೊದಲು ಹೇಳುವ ಹೆಸರು ಮಾಡೆಲ್ 24-3. ಲೂ ಹಾರ್ಟನ್ ಎಂಬ ಸಗಟು ವ್ಯಾಪಾರ ಸಂಸ್ಥೆ 1983ರಲ್ಲಿ ವಿಶೇಷವಾಗಿ ಮಾಡಿಸಿದ್ದು: .44 ಸ್ಪೆಷಲ್, ಮೂರು ಇಂಚು, ಗುಂಡನೆಯ ಹಿಡಿ. ಸ್ಟೇನ್‌ಲೆಸ್ ಬೇಕೆನ್ನುವವರಿಗೆ ಅದರ ತಮ್ಮ 624 ಇದೆ. ಸ್ಪೆಷಲ್‌ಗಿಂತ ಉದ್ದನೆಯ, ಬಲವಾದ ತೋಟೆಯಾದ .44 ಮ್ಯಾಗ್ನಮ್ಮೇ ಬೇಕೆಂದರೆ ಮಾಡೆಲ್ 29 ಮತ್ತು 629ರ ಮೂರು ಇಂಚಿನವು. .357 ಪ್ರಿಯರ ಕಣ್ಣು ಮಾಡೆಲ್ 27ರ ಮೂರೂವರೆ ಇಂಚಿನ ಮೇಲೆ; ಜನರಲ್ ಪ್ಯಾಟನ್ 1935ರಲ್ಲಿ ಕೊಂಡ ದಂತದ ಹಿಡಿಯ ರಿವಾಲ್ವರಿನ ಅಳತೆಯೂ ಅದೇ. .45 ಎಸಿಪಿ ತೋಟೆಯ ಮಾಡೆಲ್ 625 ಇನ್ನೊಂದು. ಹೊಸದೇ ಬೇಕೆಂದರೆ ಎಂಟು ಗುಂಡಿನ 627 ಪರ್ಫಾರ್ಮೆನ್ಸ್ ಸೆಂಟರ್, ರೂಗರ್ ಕಂಪನಿಯ 2.75 ಇಂಚಿನ ರೆಡ್‌ಹಾಕ್, ಕರಡಿ ಕಾಡಿನವರಿಗೆಂದೇ 2005ರಲ್ಲಿ ಬಂದ ಸೂಪರ್ ರೆಡ್‌ಹಾಕ್ ಅಲಾಸ್ಕನ್ ಇವೆ.

ಒಂದೇ ಒಂದು ಕೊಳ್ಳುವುದಾದರೆ .44 ಸ್ಪೆಷಲ್ ಅಥವಾ .45 ಎಸಿಪಿ ಕೊಳ್ಳಿ. ಗಿಡ್ಡ ನಳಿಕೆಯಲ್ಲಿ ಮ್ಯಾಗ್ನಮ್ಮಿನ ನಿಧಾನ ಉರಿಯುವ ಮದ್ದು ಪೂರ್ತಿ ಕೆಲಸ ಮಾಡುವ ಮೊದಲೇ ಗುಂಡು ಹೊರಗೆ ಹೋಗಿರುತ್ತದೆ. ಉಳಿದ ಮದ್ದು ಬಾಯಿಯಿಂದಾಚೆ ಬೆಂಕಿಯಾಗಿ ಖರ್ಚು. ವೇಗದ ಲಾಭ ಕಡಿಮೆ, ಒದೆತ ಮಾತ್ರ ಪೂರ್ತಿ. 246 ಗ್ರೇನ್ (ಸುಮಾರು 16 ಗ್ರಾಂ) ಸೀಸದ ಗುಂಡಿನ ಹಳೆಯ .44 ಸ್ಪೆಷಲ್ ತೋಟೆಗೆ ಸೆಕೆಂಡಿಗೆ 750 ಅಡಿಯ ಆಸುಪಾಸಿನ ವೇಗ ಸಾಕು, ಹಾಗಾಗಿ ಗಿಡ್ಡ ನಳಿಕೆಯಿಂದ ಅದು ಕಳೆದುಕೊಳ್ಳುವುದು ಅಲ್ಪ. ಒಂದು ಕಿಲೋಗೂ ಮೀರಿದ ಉಕ್ಕಿನ ಚೌಕಟ್ಟಿನಲ್ಲಿ ಅದನ್ನು ಇಡೀ ಮಧ್ಯಾಹ್ನ ಹೊಡೆದರೂ ಮಣಿಕಟ್ಟು ನೋಯುವುದಿಲ್ಲ.

ಪರೀಕ್ಷೆಗೆ ಇಳಿಯುವ ಮುನ್ನ

ಜೇಬಿನಲ್ಲಿ ನಾಲ್ಕು ಸಾಮಾನು ಇರಲಿ: ಫೀಲರ್ ಗೇಜ್ ಕಟ್ಟು (ಸಂದಿ ಅಳೆಯುವ ತೆಳು ಲೋಹದ ಎಲೆಗಳು), ಸಣ್ಣ ಟಾರ್ಚ್, ಒಂದು ಭೂತಗನ್ನಡಿ, ಗನ್ನಿನ ಅಳತೆಯ, ಮದ್ದಿಲ್ಲದ ಆರು ಡಮ್ಮಿ ತೋಟೆ. ಫೀಲರ್ ಗೇಜಿನ ಲೆಕ್ಕ ಲೇತ್ ಕೆಲಸದವರು ಹೇಳುವ ಥೌನಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. 2 ಥೌನಿಂದ 12 ಥೌವರೆಗಿನ ಎಲೆಗಳು ಸಾಕು.

ಮಾಲೀಕರನ್ನು ಕೇಳಿಯೇ ಕೈಗೆತ್ತಿಕೊಳ್ಳಿ. ತೋಟೆಗಳನ್ನು ಹೊತ್ತು ತಿರುಗುವ ಸಿಲಿಂಡರ್ ತೆರೆದು, ತೋಟೆ ಕೂರುವ ಆರೂ ಕೋಣೆ ಖಾಲಿಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ. ಡಮ್ಮಿ ಹಾಕಿ ಹ್ಯಾಮರ್ (ತೋಟೆಗೆ ಏಟು ಕೊಡುವ, ಹಿಂಭಾಗದ ಕುದುರೆ) ಎಳೆಯಲು ಬೇರೆಯಾಗಿ ಅನುಮತಿ ಕೇಳಿ. ನಳಿಕೆ ಯಾರ ಕಡೆಗೂ ತಿರುಗದಿರಲಿ. ಸಿನಿಮಾದವರ ಹಾಗೆ ಮಣಿಕಟ್ಟು ಕೊಡವಿ ಸಿಲಿಂಡರ್ ಮುಚ್ಚುವವರನ್ನು ಕಂಡರೆ ಅವರು ಮಾರುವ ಮಾಲನ್ನು ಮುಟ್ಟಬೇಡಿ. ಸಿಲಿಂಡರನ್ನು ಹೊತ್ತ ತೋಳನ್ನು ಯೋಕ್ ಎನ್ನುತ್ತಾರೆ, ಅದು ಬಾಗುವುದೇ ಆ ಚಟದಿಂದ. ಬಾಗಿದೆಯೋ ಇಲ್ಲವೋ ತಿಳಿಯಲು ಸಿಲಿಂಡರ್ ಮುಚ್ಚಿ, ಯೋಕ್ ಮತ್ತು ಚೌಕಟ್ಟು ಸೇರುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಗೆರೆ ಕೂದಲೆಳೆಯಷ್ಟು ಸಮನಾಗಿರಬೇಕು. ಒಂದು ತುದಿಯಲ್ಲಿ ಅಗಲವಾಗಿದ್ದರೆ, ಅಥವಾ ಹೆಬ್ಬೆರಳಿಂದ ಬಲಬದಿಯಿಂದ ಒತ್ತಿದಾಗ ಬಾಯಿ ಬಿಟ್ಟರೆ, ಯೋಕ್ ದಾರಿ ತಪ್ಪಿದೆ ಎಂದರ್ಥ.

ಟೈಮಿಂಗ್

ರಿವಾಲ್ವರಿನ ಜೀವ ಇರುವುದು ಇಲ್ಲಿ. ಪ್ರತಿ ಕೋಣೆಯೂ ನಳಿಕೆಯ ನೇರಕ್ಕೆ ಬಂದು, ಸಿಲಿಂಡರ್ ತಿರುಗದಂತೆ ತಡೆಯುವ ಕೆಳಗಿನ ತುಂಡು, ಅಂದರೆ ಸ್ಟಾಪ್, ಸಿಲಿಂಡರಿನ ಕಚ್ಚಿನಲ್ಲಿ ಕೂತು, ಆಮೇಲಷ್ಟೇ ಹ್ಯಾಮರ್ ಬೀಳಬೇಕು.

ಡಮ್ಮಿ ತುಂಬಿ. ಎಡಗೈ ಬೆರಳನ್ನು ಸಿಲಿಂಡರಿಗೆ ತುಸುವೇ ತಾಗಿಸಿ, ಓಡದಂತೆ ಸಣ್ಣ ತಡೆ ಕೊಡಿ. ಈಗ ಹ್ಯಾಮರನ್ನು ಹೆಬ್ಬೆರಳಿಂದ ಆದಷ್ಟು ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಹಿಂದೆ ನಿಲ್ಲುವ ಮೊದಲೇ ಸ್ಟಾಪ್ ಕಚ್ಚಿಗೆ ಬಿದ್ದ ಸದ್ದು ಕೇಳಬೇಕು. ಹ್ಯಾಮರ್ ನಿಂತ ಮೇಲೆ ಸಿಲಿಂಡರನ್ನು ಬೆರಳಿಂದ ಮುಂದಕ್ಕೆ ತಿರುಗಿಸಿ ನೋಡಿ. ಇನ್ನೊಂದಿಷ್ಟು ತಿರುಗಿ ಆಗ ಕಟ್ ಎಂದು ಕೂತರೆ ಆ ಕೋಣೆ ತಡವಾಗಿದೆ. ಆರೂ ಕೋಣೆಗೆ ಹೀಗೆ ಮಾಡಿ, ನಂತರ ಟ್ರಿಗರ್ ಮಾತ್ರ ಎಳೆದು ಇನ್ನೊಂದು ಸುತ್ತು. ತಡವಾಗಿರುವ ಕೋಣೆಯಿಂದ ಹೊರಟ ಗುಂಡು ನಳಿಕೆಯ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕದಲ್ಲಿ ನಿಂತವರಿಗೆ ಸಿಡಿಯುತ್ತದೆ. ಕಾರಣ ಸಾಮಾನ್ಯವಾಗಿ ಸಿಲಿಂಡರನ್ನು ತಿರುಗಿಸುವ ಹ್ಯಾಂಡ್ ಎಂಬ ತುಂಡು, ಇಲ್ಲವೇ ಹಿಂದಿನ ರ‍್ಯಾಚೆಟ್ ಹಲ್ಲು ಸವೆದಿರುವುದು. ಹ್ಯಾಂಡ್ ಬದಲಿಸುವುದು ಗನ್‌ಸ್ಮಿತ್‌ಗೆ ದಿನನಿತ್ಯದ ಕೆಲಸ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಬಹುದು. ಹಲ್ಲು ಸವೆದಿದ್ದರೆ ಬಿಟ್ಟುಬಿಡಿ.

ಡಮ್ಮಿ ಹಾಕಿಯೇ ನೋಡಿ ಎನ್ನುವುದಕ್ಕೆ ಕಾರಣವಿದೆ. ಹಳೆಯ ಮಾಡೆಲ್‌ಗಳಲ್ಲಿ ಎಕ್ಸ್‌ಟ್ರಾಕ್ಟರ್ ನಕ್ಷತ್ರವನ್ನು (ಖಾಲಿ ತೋಟೆಗಳನ್ನು ಹೊರನೂಕುವ ನಕ್ಷತ್ರಾಕಾರದ ತುಂಡು) ಸಣ್ಣ ಪಿನ್ನುಗಳು ಹಿಡಿದಿರುತ್ತವೆ. ಅವು ಸವೆದರೆ ಖಾಲಿ ಸಿಲಿಂಡರಿನಲ್ಲಿ ನಕ್ಷತ್ರ ತುಸು ಅಲ್ಲಾಡುತ್ತದೆ. ತೋಟೆ ತುಂಬಿದಾಗ ಬಿಗಿಯಾಗುತ್ತದೆ. ಖಾಲಿ ಇದ್ದಾಗ ತಡವೆನಿಸಿದ ಗನ್ನು ತುಂಬಿದಾಗ ಸರಿಯಾಗಿ ನಡೆಯುವುದು ಅಪರೂಪವೇನಲ್ಲ.

ಹ್ಯಾಮರ್ ಎಳೆದು ನಿಲ್ಲಿಸಿದ್ದಾಗಲೇ ಇನ್ನೊಂದು ಪರೀಕ್ಷೆ: ಟ್ರಿಗರ್ ಮುಟ್ಟದೆ ಹ್ಯಾಮರಿನ ಬೆನ್ನನ್ನು ಹೆಬ್ಬೆರಳಿಂದ ಮುಂದಕ್ಕೆ ಒತ್ತಿ, ಬಿದ್ದರೆ ಹಿಡಿಯಲು ಇನ್ನೊಂದು ಬೆರಳು ಸಿದ್ಧವಿರಲಿ. ಜಾರಿ ಬಿದ್ದರೆ ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ, ಹ್ಯಾಮರನ್ನು ಹಿಡಿದು ನಿಲ್ಲಿಸುವ ಒಳಗಿನ ಕಚ್ಚನ್ನು ಅರದಿಂದ ಉಜ್ಜಿದ್ದಾರೆ. ಅದು ಅಪಾಯದ ಗನ್ನು, ಅಲ್ಲಿಗೆ ವ್ಯಾಪಾರ ಮುಗಿಸಿ.

ಎರಡು ಅಳತೆ

ಸಿಲಿಂಡರ್ ಮುಚ್ಚಿ, ಹಿಂದಕ್ಕೆ ಒತ್ತಿ ಹಿಡಿದು, ಸಿಲಿಂಡರಿಗೂ ನಳಿಕೆಯ ಬುಡಕ್ಕೂ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 4ರಿಂದ 6 ಥೌ ಬಂದರೆ ಚಿನ್ನ. 8 ಆದರೂ ಚಿಂತೆಯಿಲ್ಲ. 10 ದಾಟಿದರೆ ಬೆಲೆ ಇಳಿಯಬೇಕು. 3ಕ್ಕಿಂತ ಕಡಿಮೆಯಾದರೆ ಇನ್ನೊಂದು ತೊಂದರೆ: ಬಿಸಿಯೇರಿ ಮಸಿ ಕಟ್ಟಿದಾಗ ಸಿಲಿಂಡರ್ ನಳಿಕೆಗೆ ತಾಗಿ ಟ್ರಿಗರ್ ಕಲ್ಲಾಗುತ್ತದೆ.

ಈಗ ಸಿಲಿಂಡರನ್ನು ಮುಂದಕ್ಕೆ ಒತ್ತಿ ಅದೇ ಸಂದಿಯನ್ನು ಇನ್ನೊಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ಹಿಂದೆ-ಮುಂದಿನ ಪ್ಲೇ. ಮೊದಲ ಅಳತೆ 7, ಎರಡನೆಯದು 5 ಎಂದರೆ ಪ್ಲೇ 2 ಥೌ, ಅದು ಸರಿ. 4 ಅಥವಾ ಹೆಚ್ಚು ಬಂದರೆ ಅತಿ ಬಲದ ತೋಟೆಗಳ ಏಟು ತಿಂದ ಗನ್ನು. ಪ್ಲೇ ಹೆಚ್ಚಿದಷ್ಟೂ ಒಂದೊಂದು ಈಡಿಗೂ ಸಿಲಿಂಡರ್ ಸುತ್ತಿಗೆಯಂತೆ ಬಡಿದು ಪ್ಲೇಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಮೇಲಿನ ಏಟೂ ಮೆತ್ತಗಾಗುತ್ತದೆ. ಯೋಕ್ ಕೊಳವೆಯ ತುದಿಗೆ ಕೂರಿಸುವ 2 ಮತ್ತು 4 ಥೌ ದಪ್ಪದ ತೆಳು ಉಕ್ಕಿನ ಬಳೆಗಳು ಸಿಗುತ್ತವೆ. ಅದು ಅಗ್ಗದ ರಿಪೇರಿ. ಸಂದಿ ಮೊದಲೇ ದೊಡ್ಡದಿದ್ದರೆ ಮಾತ್ರ ಬಳೆಯಿಂದ ಲಾಭವಿಲ್ಲ, ಪ್ಲೇ ಹೋದರೂ ಸಂದಿ ಹಾಗೇ ಉಳಿಯುತ್ತದೆ.

ಮಾಡೆಲ್ 29 ಮತ್ತು 629ರ ಹಳೆಯ ಮಾಲಿನಲ್ಲಿ ಬಲವಾದ ಒದೆತಕ್ಕೆ ಸ್ಟಾಪ್ ಕಚ್ಚಿನಿಂದ ಎದ್ದು ಸಿಲಿಂಡರ್ ಹಿಂದಕ್ಕೆ ಉರುಳುವ ರೋಗವಿತ್ತು. ಹೊಡೆದ ಕೋಣೆಯೇ ಮತ್ತೆ ಹ್ಯಾಮರಿನ ಕೆಳಗೆ ಬರುತ್ತಿತ್ತು. 1980ರ ದಶಕದ ಕೊನೆಗೆ ಕಂಪನಿ ಕಚ್ಚುಗಳನ್ನು ಉದ್ದ ಮಾಡಿ ಒಳಭಾಗಗಳನ್ನು ಗಟ್ಟಿಗೊಳಿಸಿತು. ಯೋಕ್ ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಅಂಕಿ ನೋಡಿ: 29-5, 629-3 ಮತ್ತು ನಂತರದವು ಗಟ್ಟಿ ಮಾಲು. ದಿನವೂ ಮ್ಯಾಗ್ನಮ್ ಹೊಡೆಯುವವರು ಇವನ್ನೇ ಕೊಳ್ಳಲಿ. ಸಂಗ್ರಹಕ್ಕೆಂದರೆ 1982ಕ್ಕೂ ಹಿಂದಿನ, ನಳಿಕೆಗೆ ಅಡ್ಡ ಪಿನ್ ಹೊಡೆದ ಎನ್-ಫ್ರೇಮ್‌ಗಳಿಗೆ ಬೇಡಿಕೆ. 2001ರಿಂದೀಚಿನ ಹಲವದರಲ್ಲಿ ಎಡಬದಿ, ಸಿಲಿಂಡರ್ ತೆರೆಯುವ ಗುಬಟಿನ ಮೇಲೆ ಬೀಗದ ಸಣ್ಣ ತೂತು ಇರುತ್ತದೆ. ಅದಿಲ್ಲದ ಮಾಲಿಗೆ ಜನ ಹೆಚ್ಚು ಕೊಡುತ್ತಾರೆ, ಗುಂಡು ಹೋಗುವ ದಾರಿಗೆ ಅದರಿಂದ ವ್ಯತ್ಯಾಸವೇನಿಲ್ಲ.

ಗಿಡ್ಡವೇ, ಗಿಡ್ಡ ಮಾಡಿದ್ದೇ

ಆರೂವರೆ ಇಂಚಿನದನ್ನು ಗರಗಸದಿಂದ ಕುಯ್ದು ಮೂರು ಇಂಚು ಎಂದು ಮಾರುವವರಿದ್ದಾರೆ. ನಳಿಕೆಯ ಪಕ್ಕದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ಕಾರ್ಖಾನೆಯದಾದರೆ ಹೆಸರು ಪೂರ್ತಿಯಾಗಿ, ಇರುವ ಜಾಗದ ನಡುವೆ ಕೂತಿರುತ್ತದೆ. ಕುಯ್ದದ್ದಾದರೆ ಮುಂದಿನ ತುದಿಗೆ ಒತ್ತಿರುತ್ತದೆ ಅಥವಾ ಅರ್ಧಕ್ಕೆ ತುಂಡಾಗಿರುತ್ತದೆ. ಮುಂಗುರಿ (ಗುರಿ ನೋಡುವ ಮುಂದಿನ ಮೊನೆ) ನಳಿಕೆಯ ಮೇಲಿನ ಏಣಿನ ಜೊತೆ ಒಂದೇ ತುಂಡಾಗಿದೆಯೇ, ಬೆಸುಗೆ ಗುರುತಿದೆಯೇ? ನಳಿಕೆಯ ಬಾಯಿ ಎಲ್ಲ ಕಡೆ ಸಮನಾಗಿ ಇಳಿದಿದೆಯೇ? ಖಾಲಿ ತೋಟೆ ಹೊರನೂಕಲು ಒತ್ತುವ ಎಜೆಕ್ಟರ್ ಸಲಾಕೆಯ ತುದಿಯನ್ನು ಹಿಡಿಯುವ ಸಣ್ಣ ಬೋಲ್ಟ್ ನಳಿಕೆಯ ಕೆಳಗೆ ಇದೆಯೇ?

ಕೋಲ್ಟ್ ಕಂಪನಿಯ ನ್ಯೂ ಸರ್ವಿಸ್ ಮೇಲಿನ 'ಫಿಟ್ಜ್ ಸ್ಪೆಷಲ್' ಎಂದು ಯಾರಾದರೂ ತೋರಿಸಿದರೆ ಇನ್ನೂ ಹುಷಾರು. ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ ಅವರು ಕಂಪನಿಯಲ್ಲೇ ಮಾಡಿದವು ಕೆಲವೇ: ನಳಿಕೆ ಗಿಡ್ಡ, ಹ್ಯಾಮರಿನ ಕೊಂಬು ತೆಗೆದದ್ದು, ಟ್ರಿಗರ್ ಗಾರ್ಡಿನ ಮುಂಭಾಗ ಕತ್ತರಿಸಿದ್ದು. ಅದನ್ನು ನೋಡಿ ಊರೂರಿನ ಗನ್ನು ರಿಪೇರಿಯವರು ಕತ್ತರಿಸಿದವೇ ಹೆಚ್ಚು. ಕೋಲ್ಟ್ ದಫ್ತರದ ಪತ್ರವಿಲ್ಲದೆ ಆ ಹೆಸರಿಗೆ ದುಡ್ಡು ಕೊಡಬೇಡಿ. ಗಾರ್ಡ್ ಕತ್ತರಿಸಿದ ರಿವಾಲ್ವರ್ ಕಪಾಟಿನಲ್ಲಿಡಲು ಸರಿ, ಒಯ್ಯಲು ಅಲ್ಲ.

ಸ್ಕ್ರೂ ಮತ್ತು ಸಲಾಕೆ

ಹಿಡಿಯ ಮುಂಭಾಗದ ಕೆಳಗೆ, ಹ್ಯಾಮರಿನ ಸ್ಪ್ರಿಂಗನ್ನು ಬಿಗಿಯುವ ಸ್ಟ್ರೇನ್ ಸ್ಕ್ರೂ ಇದೆ. ಅದು ಪೂರ್ತಿ ಬಿಗಿದಿರಬೇಕು. ಟ್ರಿಗರ್ ಹಗುರವಾಗಲೆಂದು ಕೆಲವರು ಅರ್ಧ ಸುತ್ತು ಸಡಿಲಿಸಿ, ಇಲ್ಲವೇ ತುದಿ ಅರೆದು ಬಿಡುತ್ತಾರೆ. ಸ್ಪ್ರಿಂಗಿನ ಬಲ ಇಳಿದು ಐದಾರರಲ್ಲಿ ಒಂದು ತೋಟೆ ಹೊಡೆಯುವುದಿಲ್ಲ. ಟ್ರಿಗರ್ ಅನುಮಾನ ಹುಟ್ಟಿಸುವಷ್ಟು ಮೆತ್ತಗಿದ್ದರೆ ಮೊದಲು ಈ ಸ್ಕ್ರೂ ನೋಡಿ. ಬಲಬದಿಯ ಸೈಡ್‌ಪ್ಲೇಟಿನ ಅಂಚಿನಲ್ಲಿ ಮೀಟಿದ ಗಾಯವಿದ್ದರೆ ಒಳಗೆ ಅರಿಯದ ಕೈ ಹೋಗಿದೆ. ಸ್ಕ್ರೂ ತೆಗೆದ ಮೇಲೆ ಹಿಡಿಯ ಚೌಕಟ್ಟಿಗೆ ಮರದ ಹಿಡಿಕೆಯಿಂದ ತಟ್ಟಿದರೆ ಪ್ಲೇಟು ತಾನೇ ಎದ್ದು ಬರುತ್ತದೆ, ಮೀಟುವ ಕೆಲಸವೇ ಇಲ್ಲ.

ಎಜೆಕ್ಟರ್ ಸಲಾಕೆ ಸಡಿಲವಾಗಿ ಬಿಚ್ಚಿಕೊಂಡರೆ ಅದು ಉದ್ದವಾಗಿ ಮುಂದಿನ ಬೋಲ್ಟಿಗೆ ಒತ್ತಿ ಸಿಲಿಂಡರ್ ತೆರೆಯುವುದೇ ಇಲ್ಲ. ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿಯುವಾಗ ನೆನಪಿರಲಿ: 1960ರ ಆಸುಪಾಸಿನಿಂದ ಈಚೆಗಿನವಕ್ಕೆ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯುವುದು), ಅದಕ್ಕೂ ಹಳೆಯವಕ್ಕೆ ಬಲಮರೆ. ಎರಡು-ಮೂರು ಕೋಣೆಗಳಲ್ಲಿ ಖಾಲಿ ತೋಟೆ ಇಟ್ಟುಕೊಂಡೇ ಬಿಗಿಯಿರಿ, ಇಲ್ಲದಿದ್ದರೆ ಬಲವೆಲ್ಲ ನಕ್ಷತ್ರದ ಪಿನ್ನುಗಳ ಮೇಲೆ ಬೀಳುತ್ತದೆ. ರೂಗರ್ ರೆಡ್‌ಹಾಕ್‌ನಲ್ಲಿ ಸಲಾಕೆಗೆ ಬೀಗದ ಕೆಲಸವೇ ಇಲ್ಲ, ಮುಂದಿನ ಬೀಗ ತೋಳಿನಲ್ಲೇ ಇದೆ. ಹಾಗಾಗಿ ಅದಕ್ಕೆ ಈ ತಾಪತ್ರಯವಿಲ್ಲ.

ಗಿಡ್ಡ ನಳಿಕೆಯ ನಿಜವಾದ ಕೊರತೆ ಆ ಸಲಾಕೆಯ ಉದ್ದ. .44 ಮ್ಯಾಗ್ನಮ್ಮಿನ ಖಾಲಿ ತೋಟೆ 32 ಮಿಲಿಮೀಟರಿಗೂ ಹೆಚ್ಚು ಉದ್ದ. ಗಿಡ್ಡ ಸಲಾಕೆ ಅದನ್ನು ಪೂರ್ತಿ ಹೊರಗೆ ನೂಕಲಾರದು. ನಳಿಕೆಯನ್ನು ಆಕಾಶಕ್ಕೆ ನೇರ ಮಾಡಿ, ಅಂಗೈಯಿಂದ ಒಂದೇ ಏಟು ಹೊಡೆಯಿರಿ. ಮೆಲ್ಲಗೆ ಒತ್ತಿದರೆ ಒಂದು ತೋಟೆ ನಕ್ಷತ್ರದ ಕೆಳಗೆ ಸಿಕ್ಕಿಕೊಳ್ಳುತ್ತದೆ. .45 ಎಸಿಪಿಯ ಖಾಲಿ ತೋಟೆ 23 ಮಿಲಿಮೀಟರ್ ಮಾತ್ರ, ಆರು ತೋಟೆಗಳನ್ನು ಹಿಡಿದಿಡುವ ತೆಳು ಲೋಹದ ಮೂನ್ ಕ್ಲಿಪ್ಪಿನಲ್ಲಿ ಆರೂ ಒಟ್ಟಿಗೆ ಹಾರಿ ಬೀಳುತ್ತವೆ. 625ಕ್ಕೆ ಇಷ್ಟು ಭಕ್ತರಿರುವುದು ಇದಕ್ಕೇ. ಬಾಗಿದ ಕ್ಲಿಪ್ ಮಾತ್ರ ಸಿಲಿಂಡರನ್ನು ಹಿಡಿದುಬಿಡುತ್ತದೆ. ಡಮ್ಮಿ ಕೂರಿಸಿದ ಪ್ರತಿ ಕ್ಲಿಪ್ಪನ್ನೂ ಹಾಕಿ ಟ್ರಿಗರ್ ಎಳೆದು ನೋಡಿ, ಎಲ್ಲಾದರೂ ಉಜ್ಜಿದರೆ ಎಸೆಯಿರಿ; ತಿದ್ದಿ ನೇರ ಮಾಡಲು ಹೋಗಬೇಡಿ.

ಮನೆಗೆ ತಂದ ಮೇಲೆ

ಮ್ಯಾಗ್ನಮ್ ಕೋಣೆಯಲ್ಲಿ ಗಿಡ್ಡನೆಯ ಸ್ಪೆಷಲ್ ಹೊಡೆದರೆ ಕೋಣೆಯ ಒಳಗೆ ಮಸಿ ಮತ್ತು ಸೀಸದ ಬಳೆ ಕಟ್ಟುತ್ತದೆ. ಕಂಚಿನ ಬ್ರಷ್ಷಿನಿಂದ ಉಜ್ಜದೆ ಮ್ಯಾಗ್ನಮ್ ತುಂಬಿದರೆ ತೋಟೆ ಅರ್ಧಕ್ಕೇ ನಿಲ್ಲುತ್ತದೆ, ಹೊಡೆದ ಮೇಲೆ ಹೊರಗೆ ಬರುವುದೂ ಕಷ್ಟ. 329 ಮಾಲಿಕೆಯ ಟೈಟೇನಿಯಂ ಸಿಲಿಂಡರಿಗೆ ಈ ಕೆಲಸದಲ್ಲಿ ಒರಟು ಪುಡಿಯಾಗಲಿ ಪಾಲಿಷ್ ಆಗಲಿ ತಾಗಿಸಬಾರದು. ಮೇಲಿನ ಪದರ ಹೋದರೆ ಒಳಲೋಹ ಬೇಗ ಸವೆಯುತ್ತದೆ.

ಅದೇ 329ರಂಥ ಹಗುರ ಗನ್ನಿನಲ್ಲಿ, ಮತ್ತು ಮ್ಯಾಗ್ನಮ್ ಹೊಡೆಯುವ ಯಾವುದೇ ಗಿಡ್ಡ ನಳಿಕೆಯಲ್ಲಿ, ಒದೆತಕ್ಕೆ ಉಳಿದ ತೋಟೆಗಳ ಗುಂಡು ತಾನಾಗಿ ಮುಂದಕ್ಕೆ ಜಾರುವುದುಂಟು. ಗುಂಡಿನ ಮೂಗು ಸಿಲಿಂಡರಿನಿಂದ ಹೊರಗೆ ಇಣುಕಿದರೆ ಚೌಕಟ್ಟಿಗೆ ಸಿಕ್ಕಿ ಸಿಲಿಂಡರ್ ನಿಂತೇಹೋಗುತ್ತದೆ. ಹೊಸ ಬ್ರ್ಯಾಂಡಿನ ತೋಟೆ ತಂದಾಗ ಆರು ತುಂಬಿ, ಕೊನೆಗೆ ಬರುವ ತೋಟೆಯ ಉದ್ದವನ್ನು ಮೊದಲೇ ಕ್ಯಾಲಿಪರಿನಲ್ಲಿ ಅಳೆದು ಬರೆದಿಡಿ. ಐದು ಹೊಡೆದು, ಆರನೆಯದನ್ನು ಹೊರತೆಗೆದು ಮತ್ತೆ ಅಳೆಯಿರಿ. ಉದ್ದ 10 ಥೌಗಿಂತ ಹೆಚ್ಚು ಬೆಳೆದಿದ್ದರೆ ಆ ತೋಟೆ ಈ ಗನ್ನಿಗೆ ಬೇಡ, ಉಳಿದ ಪೆಟ್ಟಿಗೆಯನ್ನು ಭಾರದ ಆರಿಂಚಿನದಕ್ಕೆ ಇಡಿ.