ಹೊಳೆ ಪಕ್ಕದ ಹೋಮ್‌ಸ್ಟೇ ಬುಕ್ ಮಾಡೋ ಮುಂಚೆ

ಕೊಡಗಲ್ಲಿ ಹೊಳೆ ಪಕ್ಕದ ಮನೆ ಹಿಡೀತಿದ್ರೆ, ಅಡ್ವಾನ್ಸ್ ಹಾಕೋ ಮುಂಚೆ ಗೇಟಿಂದ ನೀರಿನ ತನಕ ನಡ್ಕೊಂಡು ಹೋಗ್ತಾ ಇವತ್ತೇ ತೆಗೆದ ಒಂದು ವಿಡಿಯೋ ಕೇಳಿ. ಫೋಟೋದಲ್ಲಿ ಕಾಣೋ ಬಂಡೆ, ತಿಳಿನೀರು ಸಾಮಾನ್ಯವಾಗಿ ಬೇಸಿಗೆ-ಚಳಿಗಾಲದ್ದು. ಜುಲೈ, ಆಗಸ್ಟಲ್ಲಿ ಅದೇ ಕಾವೇರಿ ಕೆಂಪಾಗಿ ದಡ ತುಂಬಿ ಹರಿಯುತ್ತೆ. ವಿಡಿಯೋದಲ್ಲಿ ದಡದ ಮರಗಳನ್ನ ನೋಡಿ. ಕೊಂಬೆಗೆ ಸಿಕ್ಕಿಕೊಂಡ ಒಣಹುಲ್ಲು, ಬಟ್ಟೆ ಚೂರು, ಕಾಂಡದ ಮೇಲೆ ಕೆಸರಿನ ಗೆರೆ ಇದ್ರೆ ನೀರು ಅಲ್ಲಿವರೆಗೂ ಏರಿತ್ತು ಅಂತ ಅರ್ಥ; ಮನೆ ಅದಕ್ಕಿಂತ ಮೇಲಿರಬೇಕು. ಮಧ್ಯೆ ಬೇರೆಯವರ ಕಾಫಿ ತೋಟದ ಬೇಲಿ ಇದ್ರೂ ಗೊತ್ತಾಗುತ್ತೆ. ಮಳೆಗಾಲದಲ್ಲಿ ಮಾತ್ರ ಇದೊಂದನ್ನೇ ನಂಬಬೇಡಿ: ಹೊಳೆಯ ಮೇಲ್ಭಾಗದಲ್ಲಿರೋ ಭಾಗಮಂಡಲದ ಕಡೆ ರಾತ್ರಿಯಿಡೀ ಸುರಿದ್ರೆ, ಕೆಳಗೆ ಹನಿ ಬೀಳದಿದ್ರೂ ನೀರು ಏರುತ್ತೆ. ಮಕ್ಕಳಿದ್ರಂತೂ ಹೊರಡೋ ದಿನ ಬೆಳಿಗ್ಗೆ ಹೋಮ್‌ಸ್ಟೇಯವರಿಗೆ ಇನ್ನೊಂದು ಸಲ ಫೋನ್ ಮಾಡಿ.