ಹೊಸ ಹಾರ್ಡ್ ಡಿಸ್ಕ್ ಕಾಣ್ತಿಲ್ವಾ? ವಾಪಸ್ ಕೊಡೋಕೆ ಓಡ್ಬೇಡಿ

ಮೊದ್ಲೇ ಒಪ್ಕೊಂಡುಬಿಡ್ತೀನಿ. ನಾನು ಮೊದಲ ಸಲ ಹಾರ್ಡ್ ಡಿಸ್ಕ್ ತಗೊಂಡಿದ್ದು ಮೈಸೂರಲ್ಲಿ, ಮಡಿಕೇರಿಗೆ ತಂದು ಜೋಡಿಸಿ ಆನ್ ಮಾಡಿದ್ರೆ ಅದೇ ಹಳೇ ಸಿ ಡ್ರೈವು ಡಿ ಡ್ರೈವು ಬಿಟ್ರೆ ಬೇರೇನೂ ಇಲ್ಲ, ಸತ್ತ ಡಿಸ್ಕ್ ಕೊಟ್ಟು ಕಳ್ಸಿದಾನೆ ಅಂತ ಉರ್ಕೊಂಡು ಮಾರನೇ ದಿನ ಮತ್ತೆ 120 ಕಿಲೋಮೀಟರ್ ಬಸ್ಸಲ್ಲಿ ಹೋದೆ, ಅಂಗಡಿಯವ್ರು ಎರಡೇ ನಿಮಿಷದಲ್ಲಿ ಅದನ್ನ ತೋರಿಸಿ ನಕ್ಕು ಕಳ್ಸಿದ್ರು. ಡಿಸ್ಕ್ ಚೆನ್ನಾಗೇ ಇತ್ತು. ನಾನೇ ಇನಿಶಿಯಲೈಸ್ ಮಾಡಿರ್ಲಿಲ್ಲ, ಅಂದ್ರೆ ಹೊಸ ಡಿಸ್ಕನ್ನ ವಿಂಡೋಸ್ ಬಳಸೋ ಹಂಗೆ ಮೊದಲ ಸಲ ಸಿದ್ಧ ಮಾಡಿರ್ಲಿಲ್ಲ.

ನಿಮಗೂ ಹಂಗಾಗ್ಬಾರ್ದು ಅಂತ ಮೊದಲಿಂದ ಹೇಳ್ತೀನಿ, ದುಡ್ಡು ಕೊಡೋ ಮುಂಚೆ ಒಂದ್ಸಲ ಕ್ಯಾಬಿನೆಟ್ ಬಿಚ್ಚಿ ಒಳಗೆ ನೋಡಿ. ಅಗಲವಾದ ಪಟ್ಟಿ ಥರ ಇರೋ ಕೇಬಲ್ ಮಾತ್ರ ಕಂಡ್ರೆ ಅದು ಐಡಿಇ, 40 ಪಿನ್ನಿನ ಹಳೇ ಕಾಲದ್ದು, ಅಂಥ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕೋದು ದಂಡ, ಒಂದು ಯುಎಸ್‌ಬಿ ಅಡಾಪ್ಟರ್ ತಗೊಂಡು ಫೋಟೋ, ಲೆಕ್ಕಪತ್ರ ಈಚೆ ತೆಗ್ದುಬಿಡಿ ಸಾಕು. ಸಣ್ಣ ಚಪ್ಪಟೆ ಕೇಬಲ್ ಇದ್ರೆ ಸಾಟಾ, 2003ರಿಂದ ಈಚೆಗೆ ಬಂದಿದ್ದು, ಹಳೇ ಸಾಟಾ ಪೋರ್ಟಿಗೂ ಹೊಸ ಡಿಸ್ಕ್ ಸಾಮಾನ್ಯವಾಗಿ ಕೂರುತ್ತೆ, ಸ್ಪೀಡ್ ಮಾತ್ರ ಆ ಪೋರ್ಟಿನ ಲೆಕ್ಕಕ್ಕೆ ಇಳಿಯುತ್ತೆ. ಹಂಗಂದ್ರೂ ತಿರುಗೋ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ, ಅಂದ್ರೆ ಒಳಗೆ ತಿರುಗೋದೇನೂ ಇಲ್ದೆ ಬರೀ ಚಿಪ್ ಇರೋ ಡಿಸ್ಕ್, ಹಾಕಿದ್ರೆ ಆಗೋ ವ್ಯತ್ಯಾಸ ನೋಡಿದವರಿಗೇ ಗೊತ್ತು.

ಈಗ ಜೋಡಿಸೋದು. ಶಟ್‌ಡೌನ್ ಮಾಡಿ ಪ್ಲಗ್ಗೇ ಕೀಳ್ಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಆಮೇಲೆ ಪವರ್ ಬಟನ್ ಒಂದ್ಸಲ ಒತ್ತಿ, ಉಳಿದ ಕರೆಂಟೂ ಹೋಗ್ಲಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯಲ್ಲಿರೋ ಸ್ಟ್ಯಾಟಿಕ್ ಇಳ್ಸಿ. ಜೂನ್ ಜುಲೈ ಮಳೇಲಿ ಡಿಸ್ಕ್ ತಂದಿದ್ರೆ ಬಂದ ತಕ್ಷಣ ಕವರ್ ಹರೀಬೇಡಿ, ಒಂದೆರಡು ಗಂಟೆ ಒಣಗಿದ ರೂಮಲ್ಲಿ ಹಂಗೇ ಇಡಿ, ತಂಡಿ ಡಿಸ್ಕಿನ ಮೇಲೆ ತೇವ ಕೂರೋದು ಒಳ್ಳೇದಲ್ಲ. ನಮ್ಮೂರಲ್ಲಿ ಆ ಟೈಮಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಸ್ಟು ಬರುತ್ತೆ, ಇದ್ಯಾವ ಲೆಕ್ಕ.

ಡಿಸ್ಕಿಗೆ ಎರಡು ಕೇಬಲ್ಲು. 7 ಪಿನ್ನಿಂದು ಡೇಟಾ, ಒಳಗಿನ ದೊಡ್ಡ ಸರ್ಕ್ಯೂಟ್ ಹಲಗೆಗೆ, ಅಂದ್ರೆ ಮದರ್‌ಬೋರ್ಡಿಗೆ ಹೋಗುತ್ತೆ. 15 ಪಿನ್ನಿಂದು ಪವರ್, ಕರೆಂಟ್ ಹಂಚೋ ಡಬ್ಬಿ ಎಸ್‌ಎಂಪಿಎಸ್‌ನಿಂದ ಬರುತ್ತೆ. ಎರಡರ ತುದೀಲೂ ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಇರುತ್ತೆ, ಒಂದೇ ಕಡೆಯಿಂದ ಕೂರುತ್ತೆ, ಕೂರ್ಲಿಲ್ಲ ಅಂದ್ರೆ ತಿರುಗಿಸಿ, ಒತ್ತಿದ್ರೆ ಆ ಪ್ಲಾಸ್ಟಿಕ್ ಮುರಿಯುತ್ತೆ. ಪವರ್ ಕೇಬಲ್ ಸಾಲ್ದೆ ಹಳೇ ನಾಲ್ಕು ಪಿನ್ನಿನ ವೈರಿಗೆ ಕನ್ವರ್ಟರ್ ಹಾಕೋರು ಗಮನಿಸಿ, ವೈರನ್ನ ಪ್ಲಾಸ್ಟಿಕ್ಕಲ್ಲೇ ಎರಕ ಹೊಯ್ದಿರೋ ಅಗ್ಗದ ಕನ್ವರ್ಟರ್‌ಗಳು ಶಾರ್ಟ್ ಆಗಿ ಸುಟ್ಟಿರೋ ಉದಾಹರಣೆ ಬೇಕಾದಷ್ಟಿದೆ, ಅದರಲ್ಲಿ ಮಾತ್ರ ಜಿಪುಣತನ ಬೇಡ.

ಆನ್ ಮಾಡಿದ ಕೂಡ್ಲೇ ಡಿಲೀಟ್ ಕೀ ಇಲ್ಲಾ ಎಫ್2 ಒತ್ತುತ್ತಾ ಬಯಾಸ್‌ಗೆ, ಅಂದ್ರೆ ವಿಂಡೋಸ್‌ಗಿಂತ ಮೊದ್ಲು ಬರೋ ಸೆಟ್ಟಿಂಗ್ ಪರದೆಗೆ ಹೋಗಿ. ಅಲ್ಲಿ ಡಿಸ್ಕಿನ ಹೆಸರು ಇದ್ರೆ ಮುಕ್ಕಾಲು ಕೆಲಸ ಮುಗೀತು. ಇಲ್ದಿದ್ರೆ ಕೇಬಲ್ ಬದಲಾಯಿಸಿ, ಬೇರೆ ಪೋರ್ಟಿಗೆ ಹಾಕಿ ನೋಡಿ. ಇನ್ನೊಂದು, ಕೇಬಲ್ ಇಲ್ದೆ ನೇರ ಮದರ್‌ಬೋರ್ಡ್ ಮೇಲೇ ಕೂರಿಸೋ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ್ರೆ ಕೆಲವು ಮದರ್‌ಬೋರ್ಡಲ್ಲಿ ಒಂದೆರಡು ಸಾಟಾ ಪೋರ್ಟ್ ತಾವೇ ಬಂದ್ ಆಗುತ್ವೆ, ಹೊಸದು ಬಂತು ಹಳೇದು ಮಾಯ ಆಯ್ತು ಅಂತ ಗಾಬರಿ ಬೀಳೋದು ಇದಕ್ಕೇ.

ಇನ್ನು ನಾನು ಬಸ್ ಹತ್ತಿದ ಜಾಗ. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಇನಿಶಿಯಲೈಸ್ ಮಾಡ್ಲಾ ಅಂತ ಕೇಳುತ್ತೆ, ಎಂಬಿಆರ್, ಜಿಪಿಟಿ ಅಂತ ಡಿಸ್ಕಿನ ಭಾಗಗಳ ಲೆಕ್ಕ ಬರೆದಿಡೋ ಎರಡು ಕ್ರಮ ತೋರಿಸುತ್ತೆ, ಹಳೇ ಎಂಬಿಆರ್ ಬೇಡ, ಜಿಪಿಟಿ ಆರಿಸಿ, ಯಾಕಂದ್ರೆ ಎಂಬಿಆರ್‌ನಲ್ಲಿ ಸಾಮಾನ್ಯವಾಗಿ 2 ಟಿಬಿ ಆಚೆಗಿನ ಜಾಗ ಉಪಯೋಗಕ್ಕೆ ಬರಲ್ಲ. ಆಮೇಲೆ ಹೊಸ ಡಿಸ್ಕಿನ ಖಾಲಿ ಜಾಗ ತೋರಿಸೋ ಕಪ್ಪು ಪಟ್ಟಿ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ನೆಕ್ಸ್ಟ್ ನೆಕ್ಸ್ಟ್, ಫಾರ್ಮ್ಯಾಟ್ ಕೇಳಿದಾಗ ಎನ್‌ಟಿಎಫ್‌ಎಸ್, ಮುಗೀತು. ಆದ್ರೆ ಯಾವ ಡಿಸ್ಕ್ ಅಂತ ಸೈಜ್ ನೋಡಿ ಎರಡು ಸಲ ಖಾತ್ರಿ ಮಾಡ್ಕೊಳ್ಳಿ, ಹಳೇ ಡಿಸ್ಕನ್ನ ಫಾರ್ಮ್ಯಾಟ್ ಮಾಡಿ ಕೂತ್ರೆ ನನ್ನನ್ನ ಬೈಬೇಡಿ. 1 ಟಿಬಿ ತಗೊಂಡ್ರೆ 931 ಜಿಬಿ ತೋರಿಸುತ್ತೆ, ಅದು ಮೋಸ ಅಲ್ಲ, ಕಂಪನಿಯೋರು 1000ದ ಲೆಕ್ಕದಲ್ಲಿ ಎಣಿಸ್ತಾರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕೋರು ಆ ಹೊತ್ತಿಗೆ ಹಳೇ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡೂ ಇದ್ರೆ ಕಂಪ್ಯೂಟರ್ ಶುರು ಮಾಡೋ ಬೂಟ್ ಫೈಲ್ ಹಳೇದರಲ್ಲೇ ಹೋಗಿ ಕೂತ್ಕೊಳ್ಳೋದುಂಟು, ಆರು ತಿಂಗಳಾದ್ಮೇಲೆ ಹಳೇದು ತೆಗೆದಾಗ ಕಂಪ್ಯೂಟರ್ ಏಳೋದೇ ಇಲ್ಲ.

ಹಳೇದರಿಂದ ಹೊಸದಕ್ಕೆ ಕಾಪಿ ಮಾಡೋ ದಿನ ಯುಪಿಎಸ್ ಇರ್ಲಿ, ಏಪ್ರಿಲ್ ಮೇ ಗುಡುಗು ಸಿಡಿಲಿನ ಸಂಜೆಗಳಲ್ಲಂತೂ ಶುರುನೇ ಮಾಡ್ಬೇಡಿ. ಹಳೇ ಡಿಸ್ಕನ್ನ ಗುಜರಿಗೆ ಹಾಕ್ದೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಆಡದ ಡಬ್ಬೀಲಿ ಮುಚ್ಚಿಡಿ, ಬೆಚ್ಚಗಿರುತ್ತೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡ್ಬೇಡಿ, ಅದು ಒಣಮೀನಲ್ಲ.