ಚಂದ್ರಗಿರಿಯ ದಡದಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ: ಕಾಸರಗೋಡಿನಲ್ಲಿ ನೆಲೆಸಲು ಬರುವವರಿಗೆ

ಮಂಗಳೂರಿನಲ್ಲಿ ಕೆಲಸ ಸಿಕ್ಕಿ, ಅಲ್ಲಿಯ ಬಾಡಿಗೆ ಕೈಗೆಟುಕದೆಯೋ ಹುಟ್ಟಿದ ಮಣ್ಣಿನ ಹತ್ತಿರ ಇರಬೇಕೆಂಬ ಆಸೆಯಿಂದಲೋ ಕಾಸರಗೋಡಿನಲ್ಲಿ ಮನೆ ಹುಡುಕುವವರು ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಬಾವಿಯಲ್ಲಿ ನೀರು ಮೇಲೆಯೇ ಇರುತ್ತದೆ, ಗೋಡೆ ಒಣಗಿರುತ್ತದೆ, ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಯಾವ ಮನೆಯನ್ನು ನೋಡಿದರೂ ಒಪ್ಪಿಗೆಯಾಗುತ್ತದೆ. ಸಾಧ್ಯವಿದ್ದರೆ ಮನೆಯನ್ನು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಜುಲೈಯ ಮಳೆಯಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಮುಂಗಡ ಕೊಡಿ. ಅಷ್ಟು ಕಾಯಲಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಬಾವಿಯ ವಿಷಯದಲ್ಲಿ ನೆರೆಯವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ನೀರಿನ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕೊಡಗಿನ ಕಡೆಯಿಂದ ಪಯಸ್ವಿನಿಯಾಗಿ ಇಳಿದು ಬರುವ ಚಂದ್ರಗಿರಿ ಹೊಳೆಯು ನಗರವನ್ನು ಪೂರ್ವ ಮತ್ತು ದಕ್ಷಿಣದಿಂದ ಬಳಸಿ ತಳಂಗರೆಯ ಬಳಿ ಕಡಲನ್ನು ಸೇರುತ್ತದೆ. ಬೇಸಗೆಯಲ್ಲಿ ಹೊಳೆಯ ಹರಿವು ಸೊರಗಿದಾಗ ಭರತದ ಉಪ್ಪುನೀರು ಒಳನಾಡಿನವರೆಗೆ ಏರಿ ಬರುತ್ತದೆ. ನಗರಕ್ಕೆ ಕುಡಿಯುವ ನೀರನ್ನು ಎತ್ತುವ ಬಾವಿಕ್ಕರೆಯವರೆಗೂ ಅದು ತಲುಪುತ್ತಿದ್ದುದರಿಂದ ಅನೇಕ ವರ್ಷ ಅಲ್ಲಿ ಮರಳಿನ ಚೀಲಗಳ ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದರು. ಕಟ್ಟ ತಡವಾದ ಅಥವಾ ಒಡೆದ ವರ್ಷ ನಲ್ಲಿಯಲ್ಲಿ ಉಪ್ಪುನೀರೇ ಬರುತ್ತಿತ್ತು. ಈಗ ಅಲ್ಲಿ ಶಾಶ್ವತ ತಡೆಅಣೆ ಬಂದಿದೆ. ಆದರೆ ಹೊಳೆಬದಿಯ ಮತ್ತು ಕಡಲಬದಿಯ ಬಾವಿಗಳಿಗೆ ಉಪ್ಪು ನೆಲದಡಿಯಿಂದ ಬರುವುದರಿಂದ ತಳಂಗರೆ, ನೆಲ್ಲಿಕುಂಜೆ, ಕಸಬಾ, ಹೊಳೆಯಾಚೆಯ ಚೆಮ್ಮನಾಡು ಮುಂತಾದ ಕಡೆ ತಗ್ಗಿನಲ್ಲಿರುವ ಮನೆಗಳ ಮಟ್ಟಿಗೆ ಎಚ್ಚರಿಕೆ ತಪ್ಪಬಾರದು.

ನಾನು ಮೊದಲು ಹಿಡಿದ ಬಾಡಿಗೆ ಮನೆ ಹೊಳೆಯಿಂದ ಕೂಗಳತೆಯ ದೂರದಲ್ಲಿತ್ತು. ಜನವರಿಯಲ್ಲಿ ಕುಡಿದು ನೋಡಿದಾಗ ನೀರು ಎಳನೀರಿನಂತಿತ್ತು. ಏಪ್ರಿಲ್ ನಡುವಿನಲ್ಲಿ ಒಂದು ದಿನ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯಲಿಲ್ಲ. ಹಳೆಯ ಬೇಳೆಯೆಂದು ಅಂಗಡಿಯವರನ್ನು ದೂರಿದೆವು. ಮರುದಿನ ಸ್ನಾನಕ್ಕೆ ನಿಂತಾಗ ಸಾಬೂನು ನೊರೆ ಬಾರದೆ ಮೈಗೆ ಜಿಗುಟಾಗಿ ಅಂಟಿಕೊಂಡಿತು. ಆಗ ತಿಳಿಯಿತು. ನಾಲಗೆಗೆ ಉಪ್ಪು ತಿಳಿಯುವ ಮೊದಲೇ ಬೇಳೆ ಮತ್ತು ಸಾಬೂನು ಸುದ್ದಿ ಹೇಳುತ್ತವೆ ಎಂಬುದನ್ನು ಅಂದಿನಿಂದ ಮನೆ ನೋಡಲು ಬರುವ ಎಲ್ಲರಿಗೂ ಹೇಳುತ್ತಿದ್ದೇನೆ. ಇನ್ನೂ ಖಚಿತವಾಗಬೇಕೆಂದರೆ ಕರಗಿದ ಲವಣಾಂಶವನ್ನು ಅಳೆಯುವ ಚಿಕ್ಕ ಟಿಡಿಎಸ್ ಮೀಟರು ಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ಮೂಲವೇ ಇಲ್ಲದಲ್ಲಿ ಮಾತ್ರ 2000ದವರೆಗೆ ಒಪ್ಪಬಹುದು. ಹೊಳೆಬದಿಯ ಬಾವಿಯಲ್ಲಿ ಮೋಟಾರನ್ನು ಒಂದೇ ಸಮನೆ ಓಡಿಸಬೇಡಿ. ಮೇಲೆ ತೇಲುವ ಸಿಹಿನೀರು ತೆಳುವಾದಷ್ಟೂ ಅಡಿಯ ಉಪ್ಪುನೀರು ಮೇಲೇರುತ್ತದೆ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂದು ಎತ್ತಿದರೆ ಅದೇ ಬಾವಿ ಇನ್ನಷ್ಟು ದಿನ ಬಾಳುತ್ತದೆ.

ವಿದ್ಯಾನಗರ, ಅಣಂಗೂರಿನಂಥ ಎತ್ತರದ ಮುರಕಲ್ಲಿನ ನೆಲದಲ್ಲಿ ಉಪ್ಪಿನ ಭಯವಿಲ್ಲ, ಬದಲಿಗೆ ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ಭಯವಿದೆ. ಹಾಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಟ್ಯಾಂಕರು ಎಷ್ಟು ವಾರ ತರಿಸಬೇಕಾಗುತ್ತದೆ, ಆ ಖರ್ಚು ಯಾರದು?

ಮಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಸುರಿಯುವ ಊರಿದು. ಪಡುವಣ ಗೋಡೆಗೆ ಸೂರು ಚಾಚಿಕೊಂಡಿದೆಯೇ, ಕಿಟಕಿಯ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿ. ಹಂಚಿನ ಮನೆಯಾದರೆ ಮೇ ಮುಗಿಯುವುದರೊಳಗೆ ಒಡೆದ ಹಂಚುಗಳನ್ನು ಬದಲಿಸಿ, ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಬಡಿದು ನೋಡಿಸಬೇಕು. ಬದಲಿಸುವಾಗ ಕಳಚಿದ ಹಂಚನ್ನು ಮಗುಚಿ ನೋಡಿ: ಬೆನ್ನಿನಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಈ ಕರಾವಳಿಯ ಮಾಡುಗಳನ್ನೆಲ್ಲ ಕೆಂಪಾಗಿಸಿತು. ಹಳೆಯ ಹಂಚಿಗೆ ಹೊಸ ಅಚ್ಚಿನ ಹಂಚು ಕೂಡಿಕೊಳ್ಳುವುದಿಲ್ಲವಾದ್ದರಿಂದ ಅದೇ ಹೆಸರಿನದ್ದನ್ನು ಹುಡುಕಿ ತರುವುದು ಲೇಸು.

ಪ್ರಯಾಣದ ಲೆಕ್ಕವನ್ನು ಕಚೇರಿ ಎಲ್ಲಿದೆಯೆಂಬುದರಿಂದ ಆರಂಭಿಸಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಕೆಲಸ ಹಂಪನಕಟ್ಟೆಯ ಸುತ್ತಮುತ್ತ ಇದ್ದರೆ ಮಂಗಳೂರು ಸೆಂಟ್ರಲಿಗೆ ಹೋಗುವ ರೈಲಿಗಿಂತ ಒಳ್ಳೆಯದಿಲ್ಲ. ಆದರೆ ದೂರದ ಹಲವು ರೈಲುಗಳು ಸೆಂಟ್ರಲಿಗೆ ಹೋಗದೆ ಜಂಕ್ಷನ್ನಿನಲ್ಲೇ ನಿಂತು ಮುಂದೆ ಸಾಗುವುದರಿಂದ ಹತ್ತುವ ಮೊದಲು ನೋಡಿಕೊಳ್ಳಬೇಕು. ದೇರಳಕಟ್ಟೆ, ಕೊಣಾಜೆಯ ಕಡೆ ಕೆಲಸವಿರುವವರಿಗೆ ಬಸ್ಸಿನಲ್ಲಿ ಹೋಗಿ ತೊಕ್ಕೊಟ್ಟಿನಲ್ಲಿ ಇಳಿಯುವುದು ಅನುಕೂಲ. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಷಟ್ಪಥವಾದ ಮೇಲೆ ಸ್ವಂತ ಕಾರಿನಲ್ಲಿ ಹೋಗುವವರು ಹೆಚ್ಚಿದ್ದಾರೆ. ತಲಪಾಡಿಯ ಟೋಲು ಮತ್ತು ಪೆಟ್ರೋಲಿನ ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಡಿದರೆ ಬಹುತೇಕರು ರೈಲಿಗೆ ಮರಳುತ್ತಾರೆಂಬುದು ನನ್ನ ಅನಿಸಿಕೆ.

ರೈಲಿನ ಸೀಸನ್ ಟಿಕೆಟನ್ನು ತಿಂಗಳಿಗೊಮ್ಮೆ ಮಾಡಿಸುವ ಬದಲು ಮೂರು ತಿಂಗಳಿಗೆ ಮಾಡಿಸಿದರೆ ಮಾಸಿಕ ದರದ 2.7 ಪಟ್ಟು ಕೊಟ್ಟರೆ ಸಾಕು. ಅದು ಕಾಯ್ದಿರಿಸದ ಬೋಗಿಗಳಿಗೆ ಮಾತ್ರ ಸಲ್ಲುತ್ತದೆ, ಸೂಪರ್‌ಫಾಸ್ಟ್ ಹತ್ತುವುದಿದ್ದರೆ ಹೆಚ್ಚುವರಿ ಶುಲ್ಕವಿದೆ, ಗುರುತಿನ ಚೀಟಿ ಜೊತೆಗಿರಬೇಕು. ನಿಲ್ದಾಣದಿಂದ ನಡೆದು ತಲುಪಬಹುದಾದ ಮನೆಗೆ ಬಾಡಿಗೆ ತುಸು ಹೆಚ್ಚಾದರೂ ಹಿಡಿಯಿರಿ. ರಾತ್ರಿ ರೈಲು ತಡವಾಗಿ, ಮಳೆಯಲ್ಲಿ ಇಳಿದು, ಆಟೊಗೆ ಸಾಲು ನಿಲ್ಲುವ ಹೊತ್ತಿಗೆ ಆ ಹಣದ ಬೆಲೆ ತಿಳಿಯುತ್ತದೆ.

ಬೆಳಿಗ್ಗೆ ಹೀಗೆ ಊರೇ ಹೊರಟುಹೋಗುವುದು ಮೊದಲಿನಿಂದ ಇದ್ದ ರೂಢಿಯಲ್ಲ. ಇಲ್ಲಿ ಕೆಲಸ ಮನೆಗೇ ಬರುತ್ತಿದ್ದ ಕಾಲವಿತ್ತು. ಜಗಲಿಯಲ್ಲಿ ಕುಳಿತು ತಡಪೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟಿ ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುತ್ತಿದ್ದ ಹೆಂಗಸರ ದುಡಿಮೆಯಿಂದ ಎಷ್ಟೋ ಮಕ್ಕಳು ಓದಿದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬಂದಾಗ ಖಾಸಗಿ ಮಾಲೀಕರು ಉತ್ತರ ಮಲಬಾರಿನಲ್ಲಿ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ತಳಂಗರೆಯ ಕೈಹೊಲಿಗೆಯ ಬಿಳಿ ಟೋಪಿ ಕಡಲಾಚೆಯ ದೇಶಗಳಿಗೆ ಹೋಗುತ್ತಿತ್ತು. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದನ್ನು ನೇಯುವವರ ಸಹಕಾರ ಸಂಘ 1938ರಷ್ಟು ಹಳೆಯದು, ಮಗ್ಗಕ್ಕೆ ಕೂರುವವರು ಮಾತ್ರ ಬೆರಳೆಣಿಕೆಗೆ ಇಳಿದಿದ್ದಾರೆ. ಹೊಸದಾಗಿ ನೆಲೆಸುವವರು ಮೊದಲ ಹಬ್ಬದ ಸೀರೆಯನ್ನು ಇಲ್ಲಿಯ ಮಗ್ಗದಿಂದ ಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಅಪ್ಪಟ ಹತ್ತಿ. ನಾಲ್ಕೈದು ಸಲ ಒಗೆದ ಮೇಲೆ ಗಂಜಿಯ ಬಿರುಸು ಹೋಗಿ ಮೈಗೆ ಮೆತ್ತಗಾಗುತ್ತದೆ, ಬಣ್ಣ ಬಿಡುವುದಿಲ್ಲ. ನಮ್ಮ ಸೆಕೆಗೆ ಅದಕ್ಕಿಂತ ಹಿತವಾದ ಬಟ್ಟೆಯನ್ನು ನಾನು ಕಂಡಿಲ್ಲ.

ಇನ್ನು ಕಾಗದಪತ್ರ. ಇಲ್ಲಿ ಮನೆಯಿದ್ದು ಅಲ್ಲಿ ಕೆಲಸವಿರುವವರು ಎರಡು ರಾಜ್ಯಗಳ ಕ್ರಮಕ್ಕೆ ಹೊಂದಿಕೊಳ್ಳಬೇಕು. ಕರ್ನಾಟಕದ ನೋಂದಣಿಯ ವಾಹನವನ್ನು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕಾನೂನಿನಂತೆ ಇಲ್ಲಿ ಮರುನೋಂದಣಿ ಮಾಡಿಸಬೇಕು. ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಬಳಕೆ 250 ಯೂನಿಟ್ಟು ದಾಟಿದರೆ ಅಷ್ಟೂ ಯೂನಿಟ್ಟಿಗೆ ಮೇಲಿನ ದರವೇ ಬೀಳುವುದರಿಂದ ಬೇಸಗೆಯಲ್ಲಿ ಎ.ಸಿ. ಹಾಕುವವರು ಮೀಟರಿನ ಮೇಲೆ ಕಣ್ಣಿಡಿ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿಟ್ಟರೆ ಹರಿತ ಕರ್ಮ ಸೇನೆಯ ಹೆಂಗಸರು ಬಂದು ಒಯ್ಯುತ್ತಾರೆ, ಅಡಿಗೆಮನೆಯ ಕಸಕ್ಕೆ ಹಿತ್ತಿಲಿನಲ್ಲಿ ಗುಂಡಿಯೋ ಕಾಂಪೋಸ್ಟಿನ ಡಬ್ಬಿಯೋ ಬೇಕು. ಓಣಂ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ, ನಿಮಗೆ ರಜೆ ಇರುವುದಿಲ್ಲ. ವರ್ಷದ ಆರಂಭದಲ್ಲೇ ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕ ತೂಗುಹಾಕಿ.

ಆಸ್ಪತ್ರೆಯ ಮಟ್ಟಿಗೆ ನಾವು ಇಂದಿಗೂ ಮಂಗಳೂರನ್ನೇ ನೆಚ್ಚಿದ್ದೇವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ರೋಗಿಗಳು ದಾರಿಯಲ್ಲೇ ಸಿಕ್ಕಿಕೊಂಡದ್ದನ್ನು ಈ ಊರು ಮರೆತಿಲ್ಲ. ಆದ್ದರಿಂದ ಮನೆಯ ಹತ್ತಿರದಲ್ಲೇ ಒಬ್ಬ ವೈದ್ಯರ ಪರಿಚಯ ಮಾಡಿಕೊಳ್ಳಿ, ದಿನನಿತ್ಯದ ಔಷಧಿ ಒಂದು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಿ, ಆರೋಗ್ಯ ವಿಮೆ ಗಡಿಯ ಎರಡೂ ಕಡೆ ಸಲ್ಲುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ತಿಳಿಯಿರಿ.

ಮಲಯಾಳ ಕಲಿಯಿರಿ; ಬಸ್ಸಿನ ಬೋರ್ಡು ಓದುವಷ್ಟು ಕಲಿಯಲು ಹೆಚ್ಚು ದಿನ ಬೇಕಾಗದು, ಮೀನಿನ ಮಾರುಕಟ್ಟೆಯಲ್ಲಂತೂ ಅದರಿಂದ ಬಹಳ ಉಪಕಾರ. ಆದರೆ ಕನ್ನಡವನ್ನು ಮನೆಯೊಳಗೆ ಮಾತ್ರ ಇಟ್ಟುಕೊಳ್ಳಬೇಡಿ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೂ ಇಲ್ಲಿಯ ಕನ್ನಡಿಗರಿಗೆ ಭಾಷಾ ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ಹಕ್ಕುಗಳಿವೆ. ಅವು ಬಳಸಿದರೆ ಮಾತ್ರ ಉಳಿಯುತ್ತವೆ. ಮಕ್ಕಳಿಗೆ ಕನ್ನಡ ಮಾಧ್ಯಮ ಬೇಡವೆನಿಸಿದರೂ ಭಾಷೆಯಾಗಿ ಕನ್ನಡವನ್ನು ಬಿಡಿಸಬೇಡಿ: ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ವಿಲ್ಲೇಜ್ ಆಫೀಸಿಗೋ ನಗರಸಭೆಗೋ ಅರ್ಜಿ ಕೊಡುವಾಗ ಕನ್ನಡದಲ್ಲಿಯೇ ಬರೆಯಿರಿ, ಕನ್ನಡದ ಫಾರಂ ಇದೆಯೇ ಎಂದು ಕೇಳಿ. ಕೌಂಟರಿನವರಿಗೆ ಓದಲು ಬಾರದಿದ್ದರೆ ಸಿಟ್ಟಾಗದೆ, ಓದಬಲ್ಲವರು ಬರುವವರೆಗೆ ಕಾಯುವುದಾಗಿ ಹೇಳಿ ಬೆಂಚಿನಲ್ಲಿ ಕುಳಿತುಕೊಳ್ಳಿ. ಅರ್ಜಿ ತಲುಪಿದ್ದಕ್ಕೆ ದಿನಾಂಕವಿರುವ ರಶೀದಿ ಪಡೆದೇ ಹೊರಡಿ.